ಕಸೂತಿಗೂ ಒಂದು ಅಂಕಿತ ಬೇಕು

ಹೋದ ಶ್ರಾವಣದಲ್ಲಿ ಮಗಳ ಬಾಣಂತನಕ್ಕೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ತಳದಲ್ಲಿ ಹಳೆಯ ಧೋತರದ ತುಂಡಿನೊಳಗೆ ಸುತ್ತಿಟ್ಟ ಒಂದು ಕುಂಚಿಗಿ ಸಿಕ್ಕಿತು. ಕೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವ ಕುಂಚಿಗಿ. ನಡುವೆ ಬೇವಿನ ಎಲೆ ಇಟ್ಟಿದ್ದರಿಂದ ಹುಳ ತಿಂದಿರಲಿಲ್ಲ. ಕರಿ ನೂಲಿನ ಬಟ್ಟೆ, ಕೆಂಪು ಅಂಚು. ಬೆನ್ನಿನ ನಟ್ಟನಡುವೆ ಒಂದು ತೇರು, ಅದರ ಎಡಬಲಕ್ಕೆ ಎದುರುಬದುರಾಗಿ ಎರಡು ಗಿಳಿ, ಕೆಳಗೆ ರುದ್ರಾಕ್ಷಿ ಸಾಲು. ಬಿಳಿ, ಕಿತ್ತಳೆ, ಹಸಿರು ರೇಷ್ಮೆ ಎಳೆಗಳ ಬಣ್ಣ ಇನ್ನೂ ಮಾಸಿಲ್ಲ.

ನನ್ನ ಹತ್ತಿರ ಕಸೂತಿ ಕಲಿಯಲು ಬರುವ ಒಂಬತ್ತನೇ ತರಗತಿಯ ಹುಡುಗಿ ಅದನ್ನು ಕೈಗೆ ತಗೊಂಡು ಹೊರಳಿಸಿ ಹೊರಳಿಸಿ ನೋಡಿದಳು.

"ಅಕ್ಕೋರ, ಇದರಾಗ ಒಳಮೈ ಯಾವುದರಿ, ಹೊರಮೈ ಯಾವುದರಿ?"

"ಎರಡೂ ಒಂದೇ ಐತವ್ವಾ. ಅದಕ್ಕ ಅದು ಗವಂತಿ" ಅಂದೆ.

"ಯಾರ್ ತಗದಿದ್ದರಿ ಇದನ್ನ?"

"ನಮ್ಮವ್ವನ ಆಯಿ."

"ಅವರ ಹೆಸರೇನ್ರಿ?"

ನನ್ನ ಬಾಯಿ ಕಟ್ಟಿತು. ನನಗೆ ಗೊತ್ತಿರಲಿಲ್ಲ. ಎಂಬತ್ನಾಲ್ಕು ವರ್ಷದ ಚಿಗವ್ವನನ್ನು ಕೇಳಿದೆ. "ಆಕಿನ್ನ ಎಲ್ಲಾರೂ ಸವಡಿಯಾಕಿ ಅಂತಿದ್ದರವಾ" ಅಂದಳು. ತವರೂರು ಸವಡಿ, ಹಾಗಾಗಿ ಸವಡಿಯಾಕಿ. ಸೋದರಮಾವನ ನೆನಪಿನಲ್ಲಿ ಆಕೆ 'ದೊಡ್ಡಾಯಿ'. ಹೊಲದ ಹಳೆಯ ಉತಾರ ತೆಗೆಸಿ ನೋಡಿದೆ. ಗಂಡನ ಹೆಸರಿದೆ, ಮೂವರು ಗಂಡುಮಕ್ಕಳ ಹೆಸರಿದೆ, ಆಕೆಯದಿಲ್ಲ. ತೇರಿನ ಒಂದು ಕಳಸವೂ ತಪ್ಪದಂತೆ ಎಳೆ ಎಣಿಸಿದವಳ ಹೆಸರು ನಾಲ್ಕು ತಲೆಮಾರಿನೊಳಗೆ ಅಳಿಸಿಹೋಗಿದೆ. ಈ ಲೇಖನ ಆ ಹುಡುಗಿಯ ಮೂರನೆಯ ಪ್ರಶ್ನೆಗೆ ಉತ್ತರ ಕೊಡಲಾಗದ ಸಂಕಟದಲ್ಲಿ ಹುಟ್ಟಿದ್ದು.

ನಾನು ರೋಣ ಸೀಮೆಯ ಇಟಗಿಯವಳು. ಇಟಗಿ ಎಂದೊಡನೆ ದೂರದವರು ಮಹಾದೇವ ದೇವಾಲಯದ ಮಾತು ತೆಗೆಯುತ್ತಾರೆ. ಮಹಾದೇವ ದಂಡನಾಯಕ 1112ರಲ್ಲಿ ಕಟ್ಟಿಸಿದ ಆ ಗುಡಿ ಇರುವುದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ. ನಮ್ಮದು ಗದಗ ಜಿಲ್ಲೆಯ ಇಟಗಿ, ಭೀಮವ್ವನ ಇಟಗಿ. ಭೀಮಾಂಬಿಕೆಯ ಗುಡಿಗೆ ಸುತ್ತಲಿನ ಜಿಲ್ಲೆಗಳಿಂದ ಜನ ನಡೆದುಕೊಳ್ಳುತ್ತಾರೆ. ಒಬ್ಬ ಹೆಣ್ಣುಮಗಳ ಹೆಸರಿನಿಂದಲೇ ಗುರುತಾದ ಊರಿದು. ಅಂಥ ಊರಿನಲ್ಲಿ ಹುಟ್ಟಿ, ಮೂವತ್ತೊಂದು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ನನಗೆ ನನ್ನ ಮನೆಯ ಸೂಜಿ ಹಿಡಿದವಳ ಹೆಸರು ಗೊತ್ತಿಲ್ಲವೆಂದರೆ, ತಪ್ಪು ಮರೆವಿನದಷ್ಟೇ ಅಲ್ಲ. ಹೆಸರು ಉಳಿಯಲು ನಾವು ಎಲ್ಲಿಯೂ ಜಾಗವನ್ನೇ ಮಾಡಿರಲಿಲ್ಲ.

ಕಸೂತಿ ಗೊತ್ತಿಲ್ಲದವರಿಗಾಗಿ ಎರಡು ಮಾತು. 'ಕೈ' ಮತ್ತು 'ಸೂತ' ಸೇರಿ ಕಸೂತಿ ಆಯಿತೆನ್ನುತ್ತಾರೆ. ಅದರಲ್ಲಿ ನಾಲ್ಕು ಬಗೆ. ಗವಂತಿಯಲ್ಲಿ ಹೊಲಿಗೆ ಒಂದನ್ನು ಹಾಕಿ ಒಂದನ್ನು ಬಿಟ್ಟು ಮುಂದೆ ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಅದೇ ನಡಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುರಿದು ಮುರಿದು ಹೋದರೆ ಮುರಗಿ. ನೇಯ್ದಂತೆ ಕಾಣುವುದು ನೇಯ್ಗಿ. ಮೆಂತ್ಯೆ ಕಾಳು ಚೆಲ್ಲಿದಂತೆ ಅಡ್ಡತಿಡ್ಡ ದಾಟಿಸಿ ತುಂಬುವುದು ಮೆಂತೆ. ಗವಂತಿ ಮತ್ತು ಮುರಗಿಗೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಗಂಟು ಹಾಕುವಂತಿಲ್ಲ. ದಾರದ ಶುರುವನ್ನೂ ಕೊನೆಯನ್ನೂ ಹೊಲಿಗೆಯ ಅಡಿಯಲ್ಲೇ ಅಡಗಿಸಬೇಕು. ಎಲ್ಲಕ್ಕಿಂತ ದೊಡ್ಡದು, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ನೇಯ್ದ ಎಳೆಗಳನ್ನು ಎಣಿಸಬೇಕು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಒಂದು ಎಳೆ ತಪ್ಪಿದರೆ ತಿರುಗಿ ಬರುವ ದಾರ ಕೂಡುವುದಿಲ್ಲ, ಎಲ್ಲಾ ಬಿಚ್ಚಬೇಕು. "ಕಣ್ಣಿಲೆ ಎಣಸಬ್ಯಾಡ, ಸೂಜಿ ತುದಿಲೆ ಎಣಸು" ಎಂದು ಅವ್ವ ಹೇಳುತ್ತಿದ್ದಳು. ಅದರ ಅರ್ಥ ಕೈಗೆ ಹತ್ತಲು ನನಗೆ ಎರಡು ವರ್ಷ ಹಿಡಿಯಿತು.

ನಮ್ಮ ಕಡೆ ಇದು ಮೊದಲು ಹತ್ತಿದ್ದು ಇಳಕಲ್ ಸೀರೆಯ ಸೆರಗಿಗೆ. ಗಜೇಂದ್ರಗಡದ ಮಗ್ಗಗಳ ಸದ್ದು ಕೇಳಿ ಬೆಳೆದವರು ನಾವು, ಸೀರೆ ಹೇಗೆ ನೇಯುತ್ತಾರೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಟೋಪ್ ತೆನೆಯ ಸೆರಗಿನ ಹತ್ತಿರ ಗೋಪುರ, ತೇರು, ಅಂಬಾರಿ ಹೊತ್ತ ಆನೆಯಂಥ ದೊಡ್ಡ ಚಿತ್ರಗಳು ಬರುತ್ತವೆ. ಮೈಯ ಕಡೆಗೆ ಸರಿದಂತೆ ಚಿತ್ರಗಳು ಸಣ್ಣವಾಗುತ್ತ ಕೊನೆಗೆ ಚಿಕ್ಕಿಗಳಾಗಿ ಚದುರುತ್ತವೆ. ಕುಬಸದ ಶಾಸ್ತ್ರಕ್ಕೆ ಚಂದ್ರಕಾಳಿ ಸೀರೆ ಬೇಕು, ಅದರ ಕರಿಯ ಮೇಲೆ ಕಸೂತಿ ಬೇಕು. ತೊಟ್ಟಿಲು, ಪಲ್ಲಕ್ಕಿ, ತುಳಸಿ ಕಟ್ಟೆ, ಬಸವ, ನವಿಲು. ತೇರಿನ ದಿನ ದೂರ ನಿಂತು ನೋಡಿದ್ದನ್ನು ಹೆಂಗಸರು ತಮ್ಮ ಸೆರಗಿಗೆ ಇಳಿಸಿಕೊಂಡರು.

ಈಗ ನಮ್ಮ ಊರಿನಿಂದ ಬಲುದೂರದ ಒಂದು ಸಂಗತಿ. ಬೆಂಗಳೂರಿನಲ್ಲಿ ಓದುವ ನನ್ನ ತಂಗಿಯ ಮಗಳು ಒಂದು ದಿನ ಫೋನಿನಲ್ಲಿ ಒಂದು ಚಿತ್ರ ಕಳಿಸಿದಳು. "ದೊಡ್ಡವ್ವ, ಇದರ ಮುಂಗೈ ಪಟ್ಟಿ ದೊಡ್ಡದ ಮಾಡಿ ನೋಡು" ಎಂದು ಬರೆದಿದ್ದಳು. ಇಂಗ್ಲೆಂಡಿನ ರಾಣಿ ಜೇನ್ ಸಿಮೋರಳ ಚಿತ್ರ ಅದು. ಜರ್ಮನಿಯಲ್ಲಿ ಹುಟ್ಟಿ ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಕಾರ ಹಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದದ್ದು, ಈಗ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ರಾಣಿಯ ತೋಳಿನ ಬಿಳಿ ಪಟ್ಟಿಯ ಮೇಲೆ ಕರಿ ದಾರದ ಕೆಲಸ. ದೊಡ್ಡದು ಮಾಡಿ ನೋಡಿದೆ, ಮೈ ಜುಂ ಎಂದಿತು. ಅದು ನಮ್ಮ ಗವಂತಿಯ ನಡಿಗೆಯೇ. ಹೋಗುವಾಗ ಬಿಡುವುದು, ಬರುವಾಗ ತುಂಬುವುದು, ಎರಡೂ ಮೈ ಒಂದೇ ಆಗುವುದು. ಅವರು ಬಿಳಿ ನಾರುಬಟ್ಟೆಯ ಮೇಲೆ ಕರಿ ದಾರ ಓಡಿಸಿದರು, ನಾವು ಕರಿ ಸೀರೆಯ ಮೇಲೆ ಬಿಳಿ ದಾರ ಓಡಿಸಿದೆವು.

ಆ ಹೊಲಿಗೆಯನ್ನು ಇಂದು ಪ್ರಪಂಚ ಏನೆಂದು ಕರೆಯುತ್ತದೆ ಗೊತ್ತೇ? ಹೋಲ್ಬೈನ್ ಹೊಲಿಗೆ. ಚಿತ್ರ ಬರೆದವನ ಹೆಸರು ಹೊಲಿಗೆಗೆ ಬಂತು. ಆತ ಜನ್ಮದಲ್ಲಿ ಸೂಜಿ ಹಿಡಿದನೋ ಇಲ್ಲವೋ, ಕುಂಚ ಹಿಡಿದಿದ್ದಕ್ಕೇ ಹೆಸರು ಅವನದಾಯಿತು. ಆ ಪಟ್ಟಿಯ ಎಳೆ ಎಣಿಸಿದ ಹೆಂಗಸು ಯಾರು, ಎಷ್ಟು ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಕೂತಳು, ಆಕೆಗೆ ಎಷ್ಟು ಕೊಟ್ಟರು, ಹೊಲಿಗೆಯ ಹೆಸರಿನಲ್ಲಿ ಇದರ ಸುಳಿವೇ ಇಲ್ಲ. ಆಗ ನನಗೆ ಸವಡಿಯಾಕಿ ಒಬ್ಬಳೇ ಅಲ್ಲ ಅನಿಸಿತು.

ಆ ಕಾಲದ ಯೂರೋಪಿನ ಕತೆ ಓದುತ್ತ ಹೋದೆ. 1520ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಶೋನ್ಸ್‌ಪರ್ಗರ್ ಎಂಬ ಮುದ್ರಕ ಹೊಲಿಗೆಯ ನಮೂನೆಗಳ ಪುಸ್ತಕ ಅಚ್ಚು ಹಾಕಿದ. ಮುಂದೆ ಅಂಥ ಪುಸ್ತಕಗಳು ಊರೂರಲ್ಲಿ ಹುಟ್ಟಿದವು. 1591ರಲ್ಲಿ ವೆನಿಸ್‌ನಲ್ಲಿ ಚೆಸಾರೆ ವೆಚೆಲ್ಲಿಯೊ ಒಂದು ಪುಸ್ತಕ ತಂದ. ಅದರ ತಲೆಬರಹವೇ ಕುಲೀನ ಗುಣವಂತ ಸ್ತ್ರೀಯರಿಗೆ ಕಿರೀಟ ಎನ್ನುವ ಅರ್ಥದ್ದು. ಮುಖಪುಟದಲ್ಲಿ ಹೆಂಗಸರಿಗೆ ಕಿರೀಟ, ಪುಸ್ತಕ ಮಾತ್ರ ಗಂಡಸಿನ ಹೆಸರಿನಲ್ಲಿ. ಹೆಂಗಸರು ಅದರ ಹಾಳೆಗಳನ್ನು ಬಟ್ಟೆಯ ಮೇಲಿಟ್ಟು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಇದ್ದಿಲ ಪುಡಿ ಉಜ್ಜಿ ನಮೂನೆ ಇಳಿಸಿಕೊಳ್ಳುತ್ತಿದ್ದರು. ಹೀಗೆ ಬಳಸಿ ಬಳಸಿಯೇ ಎಷ್ಟೋ ಪ್ರತಿಗಳು ಹರಿದುಹೋದವು. ಪುಸ್ತಕ ಹರಿಯುವಷ್ಟು ದುಡಿದ ಆ ಕೈಗಳದು ಒಂದು ಪಟ್ಟಿಯೂ ಇಲ್ಲ. ರೋಮ್ ನಗರದ ಇಸಬೆಲ್ಲಾ ಕತಾನೆಯಾ ಪರಸೋಲೆ ಎಂಬಾಕೆ ಮಾತ್ರ 1616ರ ಪುಸ್ತಕವೂ ಸೇರಿ ಹಲವು ನಮೂನೆ ಪುಸ್ತಕಗಳನ್ನು ತನ್ನ ಹೆಸರಿನಲ್ಲೇ ತಂದಳು. ಇಂಥ ಹೆಸರುಗಳನ್ನು ಬೆರಳಲ್ಲಿ ಎಣಿಸಬಹುದು.

ಆ ಹೆಂಗಸರ ಬಾಳೂ ನಮಗೆ ಹೊಸದಲ್ಲ. ಇಟಲಿಯ ಕ್ರೈಸ್ತ ಮಠಗಳಲ್ಲಿ ಸನ್ಯಾಸಿನಿಯರು ಮಠದ ಖರ್ಚಿಗಾಗಿ ಕಸೂತಿ ಹಾಕಿ ಮಾರಿದರು. ಶ್ರೀಮಂತರ ಮನೆಯ ಹುಡುಗಿಗೆ ಸೂಜಿ ಹಿಡಿದು ತಲೆ ತಗ್ಗಿಸಿ ಕೂತಿರುವುದೇ ಸೌಶೀಲ್ಯದ ಗುರುತಾಗಿತ್ತು. ಸ್ಪೇನಿನಿಂದ ಸೊಸೆಯಾಗಿ ಬಂದ ಕ್ಯಾಥರೀನ್ ರಾಣಿ ಗಂಡ ಹೆನ್ರಿಯ ಅಂಗಿಗಳನ್ನು ತಾನೇ ಹೊಲಿಯುತ್ತಿದ್ದಳು. ಆತ ಇನ್ನೊಬ್ಬಳನ್ನು ಮದುವೆಯಾಗಲು ಹೊರಟು, ಈಕೆಯನ್ನು ಬಿಟ್ಟುಬಿಡಲು ಹವಣಿಸುತ್ತಿದ್ದ 1530ರಲ್ಲೂ ಅಂಗಿಯ ಬಟ್ಟೆ ಆಕೆಯ ಹತ್ತಿರವೇ ಹೋಗುತ್ತಿತ್ತು, ಅದಕ್ಕಾಗಿ ಅರಮನೆಯಲ್ಲಿ ಜಗಳವೇ ಆಯಿತು. ಅದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಂಡ ಇನ್ನೊಂದು ಮನೆ ಮಾಡಿದ ಮೇಲೂ ಅವನ ಅಂಗಿಗೆ ಗುಂಡಿ ಹಚ್ಚಿದ ಹೆಂಗಸರನ್ನು ನಮ್ಮ ಓಣಿಯಲ್ಲೂ ಕಂಡವಳು ನಾನು.

ನಮ್ಮಲ್ಲೂ ಕಸೂತಿ ಬರೀ ಹಬ್ಬದ ಚೆಲುವಾಗಿರಲಿಲ್ಲ. ಹೆಣ್ಣು ನೋಡಲು ಬಂದವರು "ಕಸೂತಿ ಬರ್ತೈತೇನು?" ಎಂದು ಕೇಳುತ್ತಿದ್ದರು. ಬರುವುದಿಲ್ಲವೆಂದರೆ ಹುಡುಗಿಗೆ ತಾಳ್ಮೆಯಿಲ್ಲ ಎಂದು ಅರ್ಥ. ಎರಿಹೊಲದಲ್ಲಿ ಜೋಳ, ಕಡಲೆ, ಹತ್ತಿ ಅಂತ ದುಡಿದು ಬಂದು, ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ಚಿಮಣಿ ಬೆಳಕಿನಲ್ಲಿ ಕರಿ ಬಟ್ಟೆಯ ಮೇಲೆ ಎಳೆ ಎಣಿಸುವುದೆಂದರೆ ಕಣ್ಣಿಗೆ ಶಿಕ್ಷೆ. ನಮ್ಮವ್ವನಿಗೆ ನಲವತ್ತು ದಾಟುವುದರೊಳಗೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯಬೇಕಾಗಿತ್ತು. ಆದರೂ ಅದೇ ಹೊತ್ತು ಆಕೆಗೆ ತನ್ನದು ಅನಿಸುವ ಹೊತ್ತಾಗಿತ್ತು. ಹಳೆ ಸೆರಗಿನ ರೇಷ್ಮೆ ಎಳೆ ಬಿಡಿಸಿ ಕಡ್ಡಿಗೆ ಸುತ್ತಿಡುತ್ತಿದ್ದಳು. ಯಾವ ಗಿಳಿಗೆ ಯಾವ ಬಣ್ಣವೆಂದು ಆಕೆಗೆ ಯಾರೂ ಹೇಳುವಂತಿರಲಿಲ್ಲ. ಮನೆಯಲ್ಲಿ ಆಕೆಯ ಮಾತು ನಡೆಯುತ್ತಿದ್ದ ಜಾಗ ಬಹುಶಃ ಅದೊಂದೇ. ಕಷ್ಟವೂ ಸುಖವೂ ಒಂದೇ ಸೂಜಿಯಲ್ಲಿ ಹಾದುಹೋಗಿದ್ದವು, ಒಂದನ್ನು ಬಿಟ್ಟು ಒಂದನ್ನು ಹೇಳಿದರೆ ಆಕೆಗೆ ಅನ್ಯಾಯ ಮಾಡಿದಂತೆ.

ಈಗಿನ ಸ್ಥಿತಿ ನೋಡೋಣ. ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಅದು ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಕಂಪ್ಯೂಟರ್ ಮಷಿನ್ನಿನಲ್ಲಿ ಒತ್ತಿದ ಗೋಪುರವನ್ನೂ ಕಸೂತಿಯೆಂದು ಮಾರುವ ಕಾಲದಲ್ಲಿ ಇಂಥ ಕಾವಲು ಬೇಕೇಬೇಕು. ಆದರೆ ಆ ಗುರುತು ಕಲೆಯನ್ನು ಹೇಳುತ್ತದೆ, ಸೀಮೆಯನ್ನು ಹೇಳುತ್ತದೆ. ಹಾಕಿದವಳನ್ನು ಹೇಳುವುದಿಲ್ಲ. ಅಂಗಡಿಯಲ್ಲಿ ಸೀರೆಗೆ ಕಟ್ಟಿದ ಚೀಟಿ ಓದಿ: ಬೆಲೆ ಇದೆ, ಕಂಪನಿ ಇದೆ, ಒಮ್ಮೊಮ್ಮೆ ಡಿಸೈನರ್ ಹೆಸರಿದೆ. ತಿಂಗಳುಗಟ್ಟಲೆ ಎಣಿಸಿದವಳು ಇಲ್ಲ.

ಕೆಲ ವರ್ಷಗಳ ಹಿಂದೆ ದೊಡ್ಡ ಊರಿನ ಒಬ್ಬ ವ್ಯಾಪಾರಿಯಿಂದ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಆರು ಸೆರಗಿನ ಕೆಲಸ ಬಂತು. ನಾನೂ ಜೊತೆಗೆ ಕೂತೆ. ನನ್ನ ಪಾಲಿನ ಸೆರಗಿಗೆ ದಿನಕ್ಕೆ ನಾಲ್ಕು ತಾಸಿನಂತೆ 24 ದಿನ ಹಿಡಿಯಿತು. ಒಟ್ಟು 96 ತಾಸು. ಎಂಟು ತಾಸಿಗೆ ಒಂದು ಆಳು ಎಂದರೆ ಹನ್ನೆರಡು ಆಳಿನ ಕೆಲಸ. ಕೈಗೆ ಬಂದದ್ದು ನಾಲ್ಕು ಆಳಿನ ಕೂಲಿ. ದಾರದ ಖರ್ಚೂ ನಮ್ಮದೇ. 2025-26ನೇ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು, ಅದೂ ಗಂಡು ಹೆಣ್ಣು ಇಬ್ಬರಿಗೂ ಸಮ. ಅದೇ ಲೆಕ್ಕ ಹಿಡಿದರೆ ಹನ್ನೆರಡು ಆಳಿಗೆ 4,440 ರೂಪಾಯಿ. ಇದು ಮಣ್ಣು ಹೊರುವ ಕೆಲಸದ ದರ, ಕೈಚಳಕಕ್ಕೆ ಇದರಲ್ಲಿ ಒಂದು ರೂಪಾಯಿಯೂ ಸೇರಿಲ್ಲ. ನನ್ನ ಹತ್ತಿರ ಬರುವ ಹುಡುಗಿಯ ಅವ್ವ ಕೇಳಿದ್ದು ಸರಿಯೇ ಇದೆ: "ಅಕ್ಕೋರ, ಕಳೆ ತೆಗೆಯಾಕ ಹ್ವಾದ್ರ ಸಂಜಿಗೆ ರೊಕ್ಕ ಕೈಯಾಗ ಇರ್ತಾವ. ಇದನ್ನ ಕಲ್ತು ಏನ್ ಮಾಡ್ಯಾಳು?" ಕಲೆ ಉಳಿಯಬೇಕು ಎನ್ನುವವರು ಮೊದಲು ಈ ಅವ್ವನಿಗೆ ಉತ್ತರ ಕೊಡಬೇಕು.

ನನ್ನ ಮಾತು ಇಷ್ಟೇ. ಪ್ರತಿಯೊಂದು ಕಸೂತಿಗೂ ಒಂದು ಅಂಕಿತ ಬೇಕು.

ಅಂಕಿತ ನಮ್ಮದೇ ಮಾತು. ಹನ್ನೆರಡನೇ ಶತಮಾನದ ಶರಣೆಯರು ಪ್ರತಿ ವಚನದ ಕೊನೆಗೂ ಅಂಕಿತ ಹಾಕಿದರು. ಅದು ದೇವರ ಹೆಸರೇ ಇರಬಹುದು, ಆದರೆ ಚೆನ್ನಮಲ್ಲಿಕಾರ್ಜುನ ಎಂದು ಕಂಡೊಡನೆ ಇದು ಅಕ್ಕನ ಮಾತೆಂದು ಎಂಟು ನೂರು ವರ್ಷದ ಮೇಲೂ ನಮಗೆ ಗೊತ್ತಾಗುತ್ತದೆ. ನೂಲು ತೆಗೆಯುತ್ತಿದ್ದ ಕದಿರ ರೆಮ್ಮವ್ವೆಯ ಹೆಸರಿನಲ್ಲೇ ಆಕೆಯ ಕದಿರು ಕೂತಿದೆ. ಕಾಯಕವನ್ನೂ ಹೆಸರನ್ನೂ ಬೇರೆ ಮಾಡದ ನಾಡು ಇದು. ಕಲ್ಲಿನಲ್ಲೂ ಹಾಗೆಯೇ. ನಮ್ಮ ಪಕ್ಕದ ಸೂಡಿಯಲ್ಲಿ ಜೋಡು ಕಳಸದ ಗುಡಿ, ನಾಗಕುಂಡ ನೋಡಿದವರಿಗೆ ಅಕ್ಕಾದೇವಿ ಗೊತ್ತು. ಹನ್ನೊಂದನೇ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಹೆಣ್ಣುಮಗಳು, ಶಾಸನಗಳಲ್ಲಿ ಆಕೆಯ ಹೆಸರಿದೆ. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರಿದೆ. ತಾಳೆಗರಿಯ ಮೇಲೆ, ಕಲ್ಲಿನ ಮೇಲೆ ಹೆಣ್ಣಿನ ಹೆಸರಿಗೆ ಜಾಗ ಕೊಟ್ಟವರು ನಾವು. ಬಟ್ಟೆಯ ಮೇಲೆ ಮಾತ್ರ ಕೊಡಲಿಲ್ಲ.

ಕೆಲವರು ಹೇಳುತ್ತಾರೆ, ಜನಪದ ಕಲೆ ಎಲ್ಲರದು, ಅದಕ್ಕೆ ಒಬ್ಬರ ಹೆಸರು ಯಾಕೆ ಎಂದು. ನಮೂನೆ ಎಲ್ಲರದು, ನಾನೂ ಒಪ್ಪುತ್ತೇನೆ. ಗೋಪುರಕ್ಕಾಗಲಿ ಗಿಳಿಗಾಗಲಿ ಯಾರೂ ಹಕ್ಕು ಕೇಳಬಾರದು. ಆದರೆ 96 ತಾಸು ಎಲ್ಲರದಲ್ಲ. ಅದು ಒಬ್ಬಳ ಕಣ್ಣು, ಒಬ್ಬಳ ಬೆನ್ನು, ಒಬ್ಬಳ ಆಯಸ್ಸಿನ ಅಷ್ಟು ದಿನ. ಸೋಬಾನೆ ಪದ ಎಲ್ಲರದೇ, ಹಾಗಂತ ಮದುವೆಗೆ ಕರೆದ ಹಾಡುಗಾರ್ತಿಯ ಹೆಸರು ಕೇಳದೆ ಬಿಡುತ್ತೇವೆಯೇ? ಹೆಸರು ಹಾಕಿದರೆ ಸೀರೆಯ ಬೆಲೆ ಏರುತ್ತದೆ ಎನ್ನುವುದು ಇನ್ನೊಂದು ಮಾತು. ಏರಲಿ. ಈಗಿನ ಬೆಲೆ ಅಗ್ಗವಾಗಿರುವುದು ಯಾರ ಕೂಲಿ ಕಡಿದು ಎಂಬುದು ಗೊತ್ತಾದ ಮೇಲೆ ಅದನ್ನು ಅಗ್ಗ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಅಂಕಿತವೆಂದರೆ ಬರೀ ಮರ್ಯಾದೆಯ ಮಾತೂ ಅಲ್ಲ. ಅದಕ್ಕೆ ಕಾಯಿದೆಯಲ್ಲೇ ದಾರಿಯಿದೆ. ಭೌಗೋಳಿಕ ಗುರುತುಗಳ ಕಾಯಿದೆ 1999ರದು. ಅದರ ದಾಖಲೆ ಪುಸ್ತಕಕ್ಕೆ ಎರಡು ಭಾಗ. ಮೊದಲ ಭಾಗದಲ್ಲಿ ಕಲೆಯ ಹೆಸರು ಬರೆಯುತ್ತಾರೆ. ಎರಡನೆಯ ಭಾಗದಲ್ಲಿ ಆ ಕಲೆಯನ್ನು ನಿಜವಾಗಿ ಮಾಡುವವರು ಅಧಿಕೃತ ಬಳಕೆದಾರರೆಂದು ಒಬ್ಬೊಬ್ಬರಾಗಿ ಹೆಸರು ಬರೆಸಬಹುದು. 2020ರ ತಿದ್ದುಪಡಿಯಲ್ಲಿ ಅದರ ಅರ್ಜಿ ಶುಲ್ಕವನ್ನು 10 ರೂಪಾಯಿಗೆ ಇಳಿಸಿದ್ದಾರೆ. ಹತ್ತು ರೂಪಾಯಿ! ಅಂದರೆ ತಡೆದಿರುವುದು ದುಡ್ಡಲ್ಲ. ಅರ್ಜಿಯ ಹಾಳೆ ಹಿಡಿದು ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಿಗೆ ಬಂದು, ಹೆಂಗಸರ ಮುಂದೆ ಕೂತು ತುಂಬಿಸುವವರು ಬೇಕು. ಸ್ವಸಹಾಯ ಸಂಘಗಳು ಊರೂರಲ್ಲಿವೆ, ಸಭೆ ವಾರವಾರ ನಡೆಯುತ್ತದೆ. ಒಂದು ವಾರದ ಸಭೆಯನ್ನು ಇದಕ್ಕೆ ಕೊಟ್ಟರೆ ಸಾಕು.

ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅದರ ಪಟ್ಟಿಯಲ್ಲಿ 18 ಕಸುಬುಗಳಿವೆ. ಬಡಿಗ, ಕಮ್ಮಾರ, ಕುಂಬಾರ, ಹೂ ಕಟ್ಟುವವರು, ಬಲೆ ಹೆಣೆಯುವವರು, ದರ್ಜಿ ಎಲ್ಲಾ ಇದ್ದಾರೆ, ಇರಲೇಬೇಕು. ಕಸೂತಿ ಹಾಕುವವಳು ಇಲ್ಲ. ಕೇಳಿದರೆ ದರ್ಜಿ ಎಂದು ಬರೆಸಿ ಎನ್ನುತ್ತಾರೆ. ಮಷಿನ್ ತುಳಿಯುವುದೂ ಎಳೆ ಎಣಿಸುವುದೂ ಒಂದೇ ಅಲ್ಲ. ಎರಡನ್ನೂ ಕಲಿಸಿದವಳಾಗಿ ಹೇಳುತ್ತಿದ್ದೇನೆ, ಹತ್ತೊಂಬತ್ತನೆಯ ಕಸುಬಾಗಿ ಕೈಕಸೂತಿ ಆ ಪಟ್ಟಿಗೆ ಸೇರಬೇಕು. ನಮ್ಮ ಕಸೂತಿಯವರಷ್ಟೇ ಅಲ್ಲ, ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳೂ ಅದರಲ್ಲಿ ಬರುತ್ತಾರೆ.

ಸರ್ಕಾರಿ ಮಳಿಗೆಗಳು ಮೇಲ್ಪಂಕ್ತಿ ಹಾಕಲಿ. ಸೀರೆಗೆ ಕಟ್ಟುವ ಚೀಟಿಯಲ್ಲಿ ಹಾಕಿದವಳ ಹೆಸರು, ಊರು, ಹಿಡಿದ ತಾಸು, ಇಷ್ಟು ಬರೆಯಲಿ. ತಾಸು ಬರೆದ ದಿನ ಕೂಲಿಯ ಲೆಕ್ಕವೂ ತಾನಾಗಿಯೇ ಬಯಲಿಗೆ ಬರುತ್ತದೆ. ಉದ್ಯೋಗ ಖಾತರಿಯ ದರಕ್ಕಿಂತ ಕಡಿಮೆಗೆ ಯಾವ ಕಸೂತಿಯನ್ನೂ ಕೊಳ್ಳುವುದಿಲ್ಲವೆಂದು ಗೆರೆ ಎಳೆಯಲಿ. ಕಣ್ಣಿನ ಶಿಬಿರಕ್ಕೆ ವರ್ಷಕ್ಕೊಮ್ಮೆ ಕಸೂತಿಯವರನ್ನು ಕರೆದು ಹತ್ತಿರದ ನೋಟದ ಕನ್ನಡಕ ಕೊಡಲಿ. ನಮ್ಮವ್ವನಿಗೆ ಒಂದು ಕನ್ನಡಕ ಸಿಕ್ಕಿದ್ದರೆ ಇನ್ನೂ ಹದಿನೈದು ವರ್ಷ ತನ್ನ ಗಿಳಿಗಳನ್ನು ತಾನೇ ತೆಗೆಯುತ್ತಿದ್ದಳು.

ಓದುಗರಲ್ಲಿಯೂ ಒಂದು ಬೇಡಿಕೆ. ಕಸೂತಿ ಸೀರೆ ಕೊಳ್ಳುವಾಗ ಸೆರಗು ಹೊರಳಿಸಿ ನೋಡಿ. ಗವಂತಿ, ಮುರಗಿಯಾಗಿದ್ದರೆ ಹಿಂಬದಿಯೂ ಮುಂಬದಿಯಂತೆಯೇ ಇರಬೇಕು. ಗಂಟು ಕಂಡರೆ, ದಾರ ಜೋತುಬಿದ್ದಿದ್ದರೆ, ಹಿಂದೆ ಕಾಗದದಂಥ ಪಟ್ಟಿ ಅಂಟಿದ್ದರೆ ಅದನ್ನು ಬಿಟ್ಟುಬಿಡಿ. ಹೊರಳಿಸಿದ ಮೇಲೆ ಅಂಗಡಿಯವರನ್ನು ಕೇಳಿ: "ಇದನ್ನು ತೆಗೆದವರು ಯಾರು?" ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಿರುತ್ತದೆ.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದು ಹೊಲಿಗೆಯ ತುಂಡು ಇದೆ. ಆಲಿಸ್ ಲೀ ಎಂಬ ಕೂಸು 1596ರಲ್ಲಿ ಹುಟ್ಟಿದ್ದನ್ನು ಅದರ ಮೇಲೆ ದಾರದಲ್ಲಿ ಬರೆಯಲಾಗಿದೆ. ಬರೆದವಳು ತನ್ನ ಹೆಸರನ್ನೂ ಹೊಲಿದಳು: ಜೇನ್ ಬಾಸ್ಟಾಕ್, 1598. ಆಕೆಯ ಬದುಕಿನ ಬೇರೆ ಏನೂ ಉಳಿಯದಿದ್ದರೂ ಆ ಒಂದು ಸಾಲು ನಾಲ್ಕು ನೂರು ವರ್ಷ ದಾಟಿ ನನ್ನ ತನಕ ಬಂತು. ಒಂದು ಕೂಸಿನ ಸಲುವಾಗಿ ಹೊಲಿದ ಬಟ್ಟೆ, ನಮ್ಮ ಕುಂಚಿಗಿಯ ಹಾಗೆಯೇ.

ಹಾಗಾದರೆ ನಾವೂ ಹೆಸರು ಹೊಲಿಯೋಣವೆಂದು ಹುಡುಗಿಯೂ ನಾನೂ ಕೂತೆವು. ಆಗ ತೊಡಕು ಗೊತ್ತಾಯಿತು. ಗವಂತಿಯಲ್ಲಿ ದಾರ ನೆಟ್ಟಗೆ, ಅಡ್ಡ, ಇಲ್ಲವೇ ಓರೆಯಾಗಿ ಹೋಗುತ್ತದೆ, ದುಂಡಗೆ ತಿರುಗುವುದಿಲ್ಲ. ನಮ್ಮ ಅಕ್ಷರಗಳೋ ಎಲ್ಲಾ ದುಂಡು. ದಿಂಬಿನ ಚೀಲದ ಮೇಲೆ, ಬಾಗಿಲ ತೋರಣದ ಮೇಲೆ ನಮ್ಮ ಹೆಣ್ಣುಮಕ್ಕಳು ಇಂಗ್ಲಿಷಿನ 'ವೆಲ್‌ಕಮ್' ಹೊಲಿದದ್ದು ಇದೇ ಕಾರಣಕ್ಕೇನೋ. ಶಾಲೆಯ ಗ್ರಾಫ್ ಹಾಳೆ ತಂದೆವು. 'ಟ' ಬೇಗ ಬಂತು. 'ಗಿ'ಯ ಗುಡಿಸನ್ನು ಗೋಪುರದ ಕಳಸದಂತೆ ಮೂಲೆ ಮಾಡಿ ಕೂರಿಸಿದೆವು. 'ಇ' ಮಾತ್ರ ನಾಲ್ಕು ದಿನ ಕಾಡಿತು. ಕೊನೆಗೆ ಹುಡುಗಿಯೇ ರುದ್ರಾಕ್ಷಿಯ ಎಂಟು ಮೂಲೆಯ ದುಂಡನ್ನು ತೆಗೆದು ಅದರ ಬಾಲ ಎಳೆದಳು. ಇಟಗಿ ಎಂದು ಓದಲು ಬಂತು. ಈಗ ಎಲ್ಲಾ ಅಕ್ಷರಗಳನ್ನೂ ಹಾಗೆ ಚೌಕಗಳಲ್ಲಿ ಬರೆದಿಡುತ್ತಿದ್ದೇವೆ. ಮುಗಿದ ಮೇಲೆ ಯಾರು ಕೇಳಿದರೂ ಕೊಡುತ್ತೇವೆ.

ಮೊಮ್ಮಗಳಿಗೆ ಹೊಸ ಕುಂಚಿಗಿ ಹಾಕುತ್ತಿದ್ದೇನೆ. ತೇರು, ಗಿಳಿ ಸವಡಿಯಾಕಿಯ ಎಣಿಕೆಯವೇ, ಒಂದು ಎಳೆಯೂ ಬದಲಿಸಿಲ್ಲ. ಮೂಲೆಯಲ್ಲಿ ನನ್ನ ಹೆಸರು, ಇಟಗಿ, ಇಸವಿ. ಅದರ ಮೇಲೆ ಒಂದು ಹೆಸರಿನಷ್ಟು ಜಾಗ ಬಿಟ್ಟಿದ್ದೇನೆ. ಸವಡಿಯಲ್ಲಿ ಆಕೆಯ ತವರಿನ ಕಡೆಯವರು ಇನ್ನೂ ಎರಡು ಮನೆ ಇದ್ದಾರಂತೆ. ಬರುವ ಅಮಾವಾಸ್ಯೆ ಕಳೆದ ಮೇಲೆ ಚಿಗವ್ವನನ್ನು ಕರೆದುಕೊಂಡು ಹೋಗಿ ಕೇಳಿ ಬರುತ್ತೇನೆ.